ಚಿನಿವಾರನ ಉಯಿಲಿನಿಂದ ಹುಟ್ಟಿದ ಸಂಗೀತ ಶಾಲೆ

1819ರ ಸೆಪ್ಟೆಂಬರ್ ತಿಂಗಳಲ್ಲಿ ಹದಿನಾಲ್ಕು ವರ್ಷದ ಬಡ ಹುಡುಗನೊಬ್ಬ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ನಗರಕ್ಕೆ ಬಂದಿಳಿದ. ಪಾದರಕ್ಷೆ ಹೊಲಿದು ಸಂಸಾರ ಸಾಗಿಸುತ್ತಿದ್ದ ತಂದೆ ತೀರಿಹೋಗಿದ್ದ; ತಾಯಿ ಬಟ್ಟೆ ಒಗೆಯುವ ಕೆಲಸದವಳು. ರಾಜಧಾನಿಯ ರಂಗಭೂಮಿಯಲ್ಲಿ ಹಾಡಿ ಕೀರ್ತಿವಂತನಾಗಬೇಕೆಂಬುದು ಹುಡುಗನ ಹಂಬಲ. ಆದರೆ ರಾಜರಂಗಮಂದಿರದ ಅಧಿಕಾರಿಗಳು ಅವನನ್ನು ಹಿಂದಕ್ಕೆ ಕಳುಹಿಸಿದರು. ಕೈಯಲ್ಲಿದ್ದ ಕಾಸು ಕರಗಿತು. ಆಗ ಅವನಿಗೆ ನೆನಪಾದದ್ದು, ಇಟಲಿಯಿಂದ ಬಂದ ಸಿಬೋನಿ ಎಂಬ ಗಾಯಕ ನಗರದಲ್ಲಿ ಹಾಡುಗಾರಿಕೆ ಕಲಿಸುತ್ತಾನೆಂದು ಪತ್ರಿಕೆಯಲ್ಲಿ ಓದಿದ್ದ ಸುದ್ದಿ. ಹುಡುಗ ನೇರವಾಗಿ ಅವನ ಮನೆಯ ಬಾಗಿಲು ತಟ್ಟಿದ.

ಅಂದು ಆ ಮನೆಯಲ್ಲಿ ಔತಣ. ವೈಸೆ ಎಂಬ ಹೆಸರಾಂತ ಸಂಗೀತ ರಚನಕಾರನೂ ಬಾಗ್ಗೆಸೆನ್ ಎಂಬ ಕವಿಯೂ ಅತಿಥಿಗಳಾಗಿ ಬಂದಿದ್ದರು. ಹುಡುಗ ಅವರೆದುರು ಹಾಡಿದ, ಪದ್ಯಗಳನ್ನು ಹೇಳಿದ, ಕೊನೆಗೆ ತನ್ನ ಸ್ಥಿತಿಯನ್ನು ನೆನೆದು ಅತ್ತುಬಿಟ್ಟ. ಅತಿಥಿಗಳ ಮನಸ್ಸು ಕರಗಿತು. ವೈಸೆ ಅವನಿಗಾಗಿ ಹಣ ಕೂಡಿಸಿಕೊಟ್ಟ. ಸಿಬೋನಿ ಪಾಠ ಹೇಳಲು ಒಪ್ಪಿಕೊಂಡ. ಆದರೆ ಕೆಲವು ತಿಂಗಳುಗಳಲ್ಲೇ ವಯೋಧರ್ಮದಿಂದ ಹುಡುಗನ ಕಂಠ ಒಡೆಯಿತು. ಇನ್ನು ಹಾಡುಗಾರಿಕೆಯ ಆಸೆ ಬಿಟ್ಟು ಊರಿಗೆ ಮರಳುವುದೇ ಲೇಸೆಂದು ಗುರು ಹೇಳಿದ. ಕಂಠದೊಡನೆ ಅವನ ಸಂಗೀತ ಶಿಕ್ಷಣವೂ ಮುಗಿಯಿತು.

ಆ ಹುಡುಗನೇ ಮುಂದೆ ತನ್ನ ಕಥೆಗಳಿಂದ ಜಗತ್ತಿನ ಮಕ್ಕಳ ಮನಸ್ಸನ್ನು ಗೆದ್ದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್. ಸಂಗೀತ ಕಳೆದುಕೊಂಡದ್ದನ್ನು ಸಾಹಿತ್ಯ ಗಳಿಸಿತು. ಆದರೆ ಅಂದಿನ ಡೆನ್ಮಾರ್ಕಿನಲ್ಲಿ ಸಂಗೀತ ಕಲಿಯಬಯಸುವ ಬಡವರ ಮಕ್ಕಳಿಗೆ ಶ್ರೀಮಂತರ ದಯೆ, ಗುರುವೊಬ್ಬನ ಕರುಣೆ, ಇವೆರಡನ್ನು ಬಿಟ್ಟರೆ ಬೇರೆ ದಾರಿ ಬಹಳವಾಗಿ ಇರಲಿಲ್ಲ. ದಯೆಯೆಂಬುದು ಬಂದಷ್ಟೇ ಬೇಗ ಹೋಗುವಂಥದು. ಅದನ್ನು ನಂಬಿ ಒಂದು ದೇಶದ ಕಲೆ ಬಾಳುವುದೆಂತು? ಕೋಪನ್‌ಹೇಗನ್ನಿನ ರಾಯಲ್ ಡೇನಿಷ್ ಸಂಗೀತ ವಿದ್ಯಾಲಯದ ಚರಿತ್ರೆಯು ಈ ಪ್ರಶ್ನೆಗೆ ದೊರೆತ ಉತ್ತರವೆನ್ನಬಹುದು.

ಅನಾಥಾಲಯದ ಹೆಸರು

ಪಾಶ್ಚಾತ್ಯ ದೇಶಗಳಲ್ಲಿ ಉನ್ನತ ಸಂಗೀತ ಶಾಲೆಗೆ ‘ಕನ್ಸರ್ವೇಟರಿ’ ಎಂಬ ಹೆಸರು ಬಂದ ಬಗೆ ಕುತೂಹಲಕರವಾಗಿದೆ. ‘ಕಾಪಾಡು’ ಎಂಬ ಅರ್ಥದ ಇಟಾಲಿಯನ್ ಮಾತಿನಿಂದ ಹುಟ್ಟಿದ ಹೆಸರಿದು. ಹದಿನಾರನೆಯ ಶತಮಾನದಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಅನಾಥ ಮಕ್ಕಳನ್ನು ಕಾಪಾಡುವ ಧರ್ಮಸಂಸ್ಥೆಗಳು ಸ್ಥಾಪನೆಯಾದವು. ಅಲ್ಲಿನ ಮಕ್ಕಳಿಗೆ ಹೊಟ್ಟೆಪಾಡಿಗಾಗಿ ಕಲಿಸಿದ ವಿದ್ಯೆಗಳಲ್ಲಿ ಸಂಗೀತವೂ ಒಂದು. ಕಾಲಕ್ರಮದಲ್ಲಿ ಸಂಗೀತವೇ ಮುಖ್ಯವಾಗಿ, ಅನಾಥಾಲಯಗಳು ಯುರೋಪಿಗೇ ಗಾಯಕರನ್ನು ಒದಗಿಸುವ ವಿದ್ಯಾಶಾಲೆಗಳಾದವು. 1795ರಲ್ಲಿ ಪ್ಯಾರಿಸ್ಸಿನಲ್ಲಿಯೂ 1843ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿಯೂ ಇದೇ ಹೆಸರಿನ ಶಾಲೆಗಳು ತಲೆಯೆತ್ತಿದವು.

ಡೆನ್ಮಾರ್ಕಿನಲ್ಲಿ ಇಂಥ ಶಾಲೆಯೊಂದನ್ನು ಕಟ್ಟಲು ಮೊದಲು ಕೈಹಾಕಿದವನು ಆಂಡರ್ಸನ್ನನ ಗುರುವಾದ ಅದೇ ಸಿಬೋನಿ. 1820ರ ದಶಕದಲ್ಲಿ ರಾಜರಂಗಮಂದಿರದ ಆಶ್ರಯದಲ್ಲಿ ಆತ ಚಿಕ್ಕದೊಂದು ಸಂಗೀತ ಶಾಲೆಯನ್ನು ನಡೆಸಿದ. ಆದರೆ ಅದು ಒಬ್ಬನ ಉತ್ಸಾಹದಿಂದ ನಿಂತ ಶಾಲೆ. 1839ರಲ್ಲಿ ಸಿಬೋನಿ ಕಾಲವಾದ ಮೇಲೆ ಅದೂ ಬಹುಕಾಲ ಬಾಳಲಿಲ್ಲ. ಮತ್ತೆ ಹಲವು ವರ್ಷಗಳವರೆಗೆ ಸಂಗೀತದಲ್ಲಿ ಹೆಚ್ಚಿನ ಶಿಕ್ಷಣ ಬೇಕೆನ್ನುವ ತರುಣರು ಮನೆಪಾಠವನ್ನೇ ನೆಚ್ಚಬೇಕಾಯಿತು. ಅನುಕೂಲವಿದ್ದವರು ಜರ್ಮನಿಯತ್ತ ಮುಖಮಾಡಿದರು.

ಉಯಿಲು ಮತ್ತು ಮೂವರು ಹಿರಿಯರು

ಈ ಕೊರತೆಯನ್ನು ನೀಗಿದವನು ರಾಜನಲ್ಲ, ಮಂತ್ರಿಯಲ್ಲ. ಮೋಲ್ಡನ್‌ಹೌವರ್ ಎಂಬ ಒಬ್ಬ ಚಿನಿವಾರ. ಚಿನ್ನ ಮತ್ತು ರತ್ನಗಳ ವ್ಯಾಪಾರದಲ್ಲಿ ಗಳಿಸಿದ ಹಣವನ್ನು ಆತ ಸಂಗೀತ ವಿದ್ಯಾಲಯವೊಂದರ ಸ್ಥಾಪನೆಗಾಗಿ ಉಯಿಲಿನಲ್ಲಿ ಬರೆದಿಟ್ಟ. ಆ ಧನದ ಆಧಾರದ ಮೇಲೆ 1867ರಲ್ಲಿ ಕೋಪನ್‌ಹೇಗನ್ ಸಂಗೀತ ವಿದ್ಯಾಲಯ ಬಾಗಿಲು ತೆರೆಯಿತು.

ಅದು ಡೆನ್ಮಾರ್ಕಿಗೆ ಒಳ್ಳೆಯ ಕಾಲವಾಗಿರಲಿಲ್ಲ. ಮೂರು ವರ್ಷಗಳ ಹಿಂದೆ, 1864ರಲ್ಲಿ, ಪ್ರಷ್ಯ ಮತ್ತು ಆಸ್ಟ್ರಿಯಗಳೊಡನೆ ನಡೆದ ಯುದ್ಧದಲ್ಲಿ ಸೋತು, ಶ್ಲೆಸ್ವಿಗ್ ಮತ್ತು ಹೋಲ್‌ಸ್ಟೈನ್ ಪ್ರಾಂತಗಳನ್ನು ಕಳೆದುಕೊಂಡು, ರಾಜ್ಯ ತನ್ನ ನೆಲದ ಮೂರನೆಯ ಒಂದು ಭಾಗಕ್ಕೂ ಹೆಚ್ಚನ್ನು ಬಿಟ್ಟುಕೊಟ್ಟಿತ್ತು. ಸೋತು ಕುಗ್ಗಿದ ಆ ದಿನಗಳಲ್ಲಿ ಶಾಲೆಯನ್ನು ಕಟ್ಟಿ ನಿಲ್ಲಿಸಿದವರು ಮೂವರು: ನೀಲ್ಸ್ ಗಾಡೆ, ಹಾರ್ಟ್‌ಮನ್ ಮತ್ತು ಪೌಲಿ.

ಇವರಲ್ಲಿ ಅಗ್ರಗಣ್ಯನಾದ ಗಾಡೆಯ ಬಾಳು ಒಂದು ಕಥೆಯಂತಿದೆ. 1817ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹುಟ್ಟಿದ ಆತನ ತಂದೆ ವಾದ್ಯಗಳನ್ನು ತಯಾರಿಸುವ ಕುಶಲಕರ್ಮಿ. ಮಗ ರಾಜವಾದ್ಯವೃಂದದಲ್ಲಿ ಪಿಟೀಲುಗಾರನಾದ. ಬಿಡುವಿನಲ್ಲಿ ಸಿಂಫನಿಯೊಂದನ್ನು, ಎಂದರೆ ಇಡೀ ವಾದ್ಯವೃಂದ ನುಡಿಸುವ ದೀರ್ಘ ಕೃತಿಯೊಂದನ್ನು, ರಚಿಸಿದ. ತನ್ನ ಊರಿನವರು ಅದನ್ನು ನುಡಿಸಲು ಒಪ್ಪಲಿಲ್ಲ. ನಿರಾಶನಾಗದೆ ಆತ ಅದನ್ನು ಲೈಪ್‌ಜಿಗ್ಗಿನಲ್ಲಿದ್ದ ಜಗತ್ಪ್ರಸಿದ್ಧ ಮೆಂಡೆಲ್‌ಸನ್ನನಿಗೆ ಅಂಚೆಯಲ್ಲಿ ಕಳುಹಿಸಿದ. ಮೆಂಡೆಲ್‌ಸನ್ ಅದನ್ನು ಬಹುವಾಗಿ ಮೆಚ್ಚಿ 1843ರ ಮಾರ್ಚಿಯಲ್ಲಿ ತಾನೇ ನಿಂತು ನುಡಿಸಿದ. ಮನೆಯಲ್ಲಿ ಮನ್ನಣೆ ದೊರೆಯದ ತರುಣ ಪರದೇಶದಲ್ಲಿ ಒಂದೇ ಸಂಜೆಯಲ್ಲಿ ಹೆಸರುವಾಸಿಯಾದ.

ಗಾಡೆ ಲೈಪ್‌ಜಿಗ್ಗಿಗೆ ಹೋದ. ಆಗತಾನೆ ಹುಟ್ಟಿದ್ದ ಅಲ್ಲಿನ ಸಂಗೀತ ಶಾಲೆಯಲ್ಲಿ ಅಧ್ಯಾಪಕನಾದ. ಅಲ್ಲಿನ ಸುಪ್ರಸಿದ್ಧ ವಾದ್ಯವೃಂದಕ್ಕೆ ಮೆಂಡೆಲ್‌ಸನ್ನನ ಸಹಾಯಕ ನಿರ್ದೇಶಕನಾದ. ಇಂದು ಪಿಟೀಲು ಕಲಿಯುವ ಪಾಶ್ಚಾತ್ಯ ವಿದ್ಯಾರ್ಥಿಗಳೆಲ್ಲ ಅಭ್ಯಾಸ ಮಾಡುವ ಮೆಂಡೆಲ್‌ಸನ್ನನ ಪಿಟೀಲು ಕಾನ್ಚೆರ್ಟೋ 1845ರಲ್ಲಿ ಮೊದಲ ಸಲ ಕೇಳಿಬಂದಾಗ ವಾದ್ಯವೃಂದವನ್ನು ನಡೆಸಿದವನು ಈ ಗಾಡೆಯೇ. 1847ರಲ್ಲಿ ಮೆಂಡೆಲ್‌ಸನ್ ಅಕಾಲ ಮರಣಕ್ಕೆ ತುತ್ತಾದಾಗ ಆತನ ಸ್ಥಾನವೂ ಇವನಿಗೆ ಬಂದಿತು. ಆದರೆ ಮರುವರ್ಷವೇ ಡೆನ್ಮಾರ್ಕಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿತು. ಶತ್ರುದೇಶವಾದ ನೆಲದಲ್ಲಿ ನಿಲ್ಲಲಾರದೆ ಗಾಡೆ ಕೀರ್ತಿಯನ್ನೂ ಪದವಿಯನ್ನೂ ಬಿಟ್ಟು ತಾಯ್ನಾಡಿಗೆ ಮರಳಿದ. ಲೈಪ್‌ಜಿಗ್ಗಿನಲ್ಲಿ ಕಂಡುಂಡದ್ದೆಲ್ಲ ಕೋಪನ್‌ಹೇಗನ್ನಿನ ಹೊಸ ಶಾಲೆಗೆ ಮಾದರಿಯಾಯಿತು. 1890ರಲ್ಲಿ ಕಣ್ಣು ಮುಚ್ಚುವವರೆಗೂ ಆತ ಶಾಲೆಯ ಮುಖ್ಯಸ್ಥನಾಗಿದ್ದ.

ಹಾರ್ಟ್‌ಮನ್ ಗಾಡೆಯ ಮಾವ. ಹಗಲೆಲ್ಲ ಸರಕಾರಿ ಕಚೇರಿಯ ಕಡತಗಳಲ್ಲಿ ಮುಳುಗಿರುತ್ತಿದ್ದ ಈತ ಕೋಪನ್‌ಹೇಗನ್ನಿನ ಮುಖ್ಯ ಚರ್ಚಿನ ಆರ್ಗನ್ ವಾದಕನೂ ಆಗಿದ್ದ; ರಂಗಭೂಮಿಗಾಗಿ ಗೀತನಾಟಕಗಳನ್ನೂ ರಚಿಸಿದ. 1846ರಲ್ಲಿ ಆತ ಸಂಗೀತ ಕೂಡಿಸಿದ ‘ಲಿಡೆನ್ ಕಿರ್ಸ್ಟೆನ್’ ಎಂಬ ಗೀತನಾಟಕದ ಸಾಹಿತ್ಯವನ್ನು ಬರೆದುಕೊಟ್ಟವನು ಯಾರು ಬಲ್ಲಿರಾ? ಕಂಠ ಒಡೆದು ಸಂಗೀತ ಬಿಟ್ಟ ಅದೇ ಆಂಡರ್ಸನ್! ಮೂರನೆಯವನಾದ ಪೌಲಿ ರಾಜರಂಗಮಂದಿರದ ವಾದ್ಯವೃಂದದ ನಿರ್ದೇಶಕ. ನೃತ್ಯನಾಟಕಗಳಿಗೆ ಸಂಗೀತ ಹೊಂದಿಸುವುದರಲ್ಲಿ ನಿಸ್ಸೀಮ. ಅಳಿಯನ ತರುವಾಯವೂ ಬದುಕಿದ್ದ ಹಾರ್ಟ್‌ಮನ್ 1900ರಲ್ಲಿ, ತೊಂಬತ್ತೈದರ ಹೊಸ್ತಿಲಲ್ಲಿ ತೀರಿಕೊಂಡ.

ಸೌದೆಯ ಕೊರಡುಗಳಿಂದ ಸಿಂಫನಿಗೆ

ಶಾಲೆ ಸ್ಥಾಪನೆಯಾಗಿ ಹದಿನಾರು ವರ್ಷಗಳು ಕಳೆದಿದ್ದವು. 1883ರ ಮೇ ತಿಂಗಳಲ್ಲಿ ಹದಿನೇಳು ವರ್ಷದ ತರುಣನೊಬ್ಬ, ತಾನು ರಚಿಸಿದ ಕೃತಿಯ ಹಾಳೆಗಳನ್ನು ಹಿಡಿದು ಗಾಡೆಯ ದರ್ಶನಕ್ಕೆ ಬಂದ. ಅವನೂ ಆಂಡರ್ಸನ್ನನಂತೆ ಫ್ಯೂನ್ ದ್ವೀಪದವನು, ಅವನಂತೆಯೇ ಬಡವ. ಹೆಸರು ಕಾರ್ಲ್ ನೀಲ್ಸನ್.

ಹನ್ನೆರಡು ಮಕ್ಕಳ ಸಂಸಾರದಲ್ಲಿ ಏಳನೆಯವನಾಗಿ 1865ರಲ್ಲಿ ನೀಲ್ಸನ್ ಹುಟ್ಟಿದ. ತಂದೆ ಮನೆಗಳಿಗೆ ಬಣ್ಣ ಬಳಿಯುವವನು. ಮದುವೆ ಹಬ್ಬಗಳಲ್ಲಿ ಪಿಟೀಲು ನುಡಿಸಿ ನಾಲ್ಕು ಕಾಸು ಸಂಪಾದಿಸುತ್ತಿದ್ದ. ಮನೆಯ ಹಿಂದೆ ಒಟ್ಟಿದ್ದ ಸೌದೆಯ ರಾಶಿಯೇ ಮಗನ ಮೊದಲ ವಾದ್ಯ. ಉದ್ದ ಗಾತ್ರಗಳಲ್ಲಿ ಬೇರೆ ಬೇರೆಯಾದ ಕೊರಡುಗಳನ್ನು ತಟ್ಟಿದರೆ ಬೇರೆ ಬೇರೆ ಸ್ವರಗಳು ಹೊರಡುವುದನ್ನು ಕಂಡುಕೊಂಡು, ಮಗು ಅವುಗಳ ಮೇಲೆ ಹಾಡು ನುಡಿಸುತ್ತಿತ್ತು. ಆರನೆಯ ವಯಸ್ಸಿನಲ್ಲಿ ದಡಾರವೆದ್ದು ಮಲಗಿದ್ದಾಗ ತಾಯಿ ಅವನ ಕೈಗೆ ಚಿಕ್ಕ ಪಿಟೀಲೊಂದನ್ನು ಕೊಟ್ಟಳು. ಬಾತುಗಳನ್ನು ಮೇಯಿಸುವ ಕೆಲಸದ ನಡುವೆ ಪಿಟೀಲಿನ ಅಭ್ಯಾಸ ಸಾಗಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ಓಡೆನ್ಸೆ ಪಟ್ಟಣದ ಸೇನಾ ತುಕಡಿಯಲ್ಲಿ ಕಹಳೆ ಊದುವ ಕೆಲಸ ಸಿಕ್ಕಿತು.

ಬಡ ಸಂಸಾರಕ್ಕೆ ಸೈನ್ಯದ ಸಂಬಳವೆಂದರೆ ಅಲ್ಪ ಮಾತಲ್ಲ. ಅದನ್ನು ಬಿಟ್ಟು ರಾಜಧಾನಿಗೆ ಹೋಗಿ ಸಂಗೀತ ಕಲಿಯುವುದೆಂದರೆ ಇದ್ದ ಅನ್ನವನ್ನು ದೂರ ತಳ್ಳಿದಂತೆಯೇ. ಆದರೂ ಫ್ಯೂನಿನ ಕೆಲವು ಹಿತೈಷಿಗಳು, ಅವರಲ್ಲೂ ಮುಂದೆ ದೇಶದ ಪ್ರಧಾನಮಂತ್ರಿಯಾದ ಕ್ಲೌಸ್ ಬೆರ್ನ್‌ಟ್ಸನ್, ತರುಣನ ಬೆನ್ನಿಗೆ ನಿಂತರು. ಗಾಡೆ ಹಾಳೆಗಳನ್ನು ತಿರುವಿ ನೋಡಿ, ಹುಡುಗನಿಗೆ ರಚನೆಯ ಅಂದ ತಿಳಿದಿದೆಯೆಂದು ಒಪ್ಪಿಕೊಂಡ. 1884ರ ಆರಂಭದಲ್ಲಿ ನೀಲ್ಸನ್ ಶಾಲೆಗೆ ಸೇರಿದ. ಶುಲ್ಕವಿಲ್ಲದ ಸ್ಥಾನ ಅವನಿಗೆ ದೊರೆಯಿತು. ಆಂಡರ್ಸನ್ನನ ಕಾಲಕ್ಕೂ ಈ ಕಾಲಕ್ಕೂ ಇದ್ದ ಅಂತರ ಇದೇ. ಹಿತೈಷಿಗಳ ನೆರವು ಈಗಲೂ ಬೇಕಾಗಿತ್ತು. ಆದರೆ ಅವರು ಹುಡುಗನನ್ನು ಬಾಗಿಲವರೆಗೆ ಕರೆತಂದರೆ ಸಾಕಿತ್ತು. ಬಾಗಿಲೊಳಗೆ ಮೂರು ವರ್ಷಗಳ ಕ್ರಮಬದ್ಧ ಶಿಕ್ಷಣ ಕಾದಿತ್ತು.

ಟೋಫ್ಟೆ ಎಂಬ ಗುರು ಪಿಟೀಲನ್ನೂ ಓರ್ಲಾ ರೋಸೆನ್‌ಹೋಫ್ ಸಂಗೀತ ಶಾಸ್ತ್ರವನ್ನೂ ಸಂಗೀತದ ಚರಿತ್ರೆಯನ್ನು ಸ್ವತಃ ಗಾಡೆಯೂ ಕಲಿಸಿದರು. 1889ರಲ್ಲಿ ನೀಲ್ಸನ್ ರಾಜವಾದ್ಯವೃಂದಕ್ಕೆ ಪಿಟೀಲುಗಾರನಾಗಿ ಸೇರಿದ. ಐದು ವರ್ಷಗಳ ತರುವಾಯ ಅವನ ಮೊದಲ ಸಿಂಫನಿ ಕೇಳಿಬಂದಿತು. ಗಾಡೆಯ ಕಾಲದ ಮೃದುಮಧುರ ಶೈಲಿಯನ್ನು ಬಿಟ್ಟು ಶಿಷ್ಯ ತನ್ನದೇ ಆದ ಕಟುವಾದ, ಕಸುವುಳ್ಳ ದಾರಿಯನ್ನು ಹಿಡಿದ. ಮೊದಲನೆಯ ಮಹಾಯುದ್ಧದ ನಡುವೆ, 1916ರಲ್ಲಿ, ಮುಗಿಸಿದ ನಾಲ್ಕನೆಯ ಸಿಂಫನಿಗೆ ಆತನಿಟ್ಟ ಹೆಸರು ‘ನಂದಿಸಲಾಗದ್ದು’, ಎಂದರೆ ಜೀವಶಕ್ತಿ. ದೊಡ್ಡ ಸಭೆಗಳಿಗಾಗಿ ಸಿಂಫನಿಗಳನ್ನು ಬರೆದ ಕೈಯೇ ಡೇನಿಷ್ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಇಂದಿಗೂ ಹಾಡುವ ಸರಳ ಗೀತೆಗಳಿಗೂ ಮಟ್ಟು ಹಾಕಿತು.

ಒಮ್ಮೆ ಶುಲ್ಕ ಕೊಡಲಾಗದೆ ಸೇರಿದ ಶಾಲೆಗೆ 1916ರಲ್ಲಿ ನೀಲ್ಸನ್ ಅಧ್ಯಾಪಕನಾಗಿ ಬಂದ. 1931ರಲ್ಲಿ ಅದರ ಮುಖ್ಯಸ್ಥನಾದ. ಆದರೆ ಹೃದ್ರೋಗ ಅವನನ್ನು ಆಗಲೇ ಹಣ್ಣು ಮಾಡಿತ್ತು. ಅದೇ ವರ್ಷದ ಅಕ್ಟೋಬರ್ 3ರಂದು ಆತ ಕಾಲವಾದ. 1990ರ ದಶಕದ ಕೊನೆಯಲ್ಲಿ ಬಂದ ಡೇನಿಷ್ ನೋಟುಗಳ ಸರಣಿಯಲ್ಲಿ ನೂರು ಕ್ರೋನರ್ ನೋಟಿನ ಮೇಲೆ ಅಚ್ಚಾದ ಮುಖ ಈ ಬಾತು ಕಾಯುತ್ತಿದ್ದ ಹುಡುಗನದು.

ದೊರೆಯ ಹೆಸರು, ದೇಶದ ಬೊಕ್ಕಸ

1902ರಲ್ಲಿ ಶಾಲೆಗೆ ‘ರಾಯಲ್’ ಎಂಬ ಗೌರವ ದೊರೆಯಿತು. ಹೆಸರಿನಲ್ಲಿ ದೊರೆಯ ಮರ್ಯಾದೆ ಬಂದರೂ ಶಾಲೆಯ ಹೊಣೆಯನ್ನು ಸರಕಾರ ಪೂರ್ತಿಯಾಗಿ ಹೊತ್ತುಕೊಂಡದ್ದು 1949ರಲ್ಲಿ. ಚಿನಿವಾರನ ಉಯಿಲಿನಿಂದ ಆರಂಭವಾದದ್ದು ಎಂಬತ್ತೆರಡು ವರ್ಷಗಳ ತರುವಾಯ ಇಡೀ ಜನತೆಯ ಆಸ್ತಿಯಾಯಿತು.

ಬಹುಕಾಲ ಶಾಲೆ ನಡೆದದ್ದು ಕೋಪನ್‌ಹೇಗನ್ನಿನ ವೆಸ್ಟ್ರೆ ಬುಲೆವಾರ್ಡ್ ಎಂಬ ಅಗಲವಾದ ಬೀದಿಯಲ್ಲಿ. 1955ರಲ್ಲಿ ಆ ಬೀದಿಗೆ ಹೊಸ ಹೆಸರಿಟ್ಟರು. ಅದು ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ನನ ಹೆಸರು! ಸಂಗೀತ ಶಾಲೆಯಿಲ್ಲದ ಕಾಲದಲ್ಲಿ ಬಂದು ನಿರಾಶನಾದ ಹುಡುಗನ ಹೆಸರು ಕೊನೆಗೆ ಸಂಗೀತ ಶಾಲೆಯ ವಿಳಾಸದಲ್ಲಿ ಸೇರಿಕೊಂಡಿತು.

ಈ ಮಧ್ಯೆ ಶಾಲೆಯ ಅಧ್ಯಾಪಕರ ವಿದ್ವತ್ತು ದೇಶದ ಗಡಿ ದಾಟಿತು. ಹದಿನಾರನೆಯ ಶತಮಾನದ ಇಟಾಲಿಯನ್ ರಚನಕಾರ ಪಾಲೆಸ್ಟ್ರೀನನ ಶೈಲಿಯನ್ನು ಶೋಧಿಸಿ ಕ್ನೂಡ್ ಯೆಪ್ಪೆಸೆನ್ ಬರೆದ ಪಠ್ಯಗ್ರಂಥ ಹಲವು ಭಾಷೆಗಳಿಗೆ ಅನುವಾದವಾಗಿ ಅನೇಕ ದೇಶಗಳ ಸಂಗೀತ ಶಾಲೆಗಳಲ್ಲಿ ಬಳಕೆಗೆ ಬಂದಿತು. ವಾದ್ಯವನ್ನು ಮುಟ್ಟದೆ, ಬರೆದ ಸ್ವರವನ್ನು ಕಣ್ಣಿನಿಂದ ಕಂಡೊಡನೆ ಕಿವಿಯಲ್ಲಿ ಕೇಳುವ ಶಕ್ತಿಯನ್ನು ಬೆಳೆಸುವುದು ಹೇಗೆ ಎಂಬುದನ್ನು ಯೋರ್ಗೆನ್ ಯೆರ್ಸಿಲ್ಡ್ ಶಾಸ್ತ್ರವಾಗಿಯೇ ರೂಪಿಸಿದ. ಈ ‘ಕಿವಿಯ ಶಿಕ್ಷಣ’ ಡೇನಿಷ್ ಸಂಗೀತ ಶಾಲೆಗಳ ವೈಶಿಷ್ಟ್ಯವೆಂದು ಹೆಸರಾಯಿತು.

ಕತ್ತಲೆಯ ಐದು ವರ್ಷಗಳು

1940ರ ಏಪ್ರಿಲ್ 9ರಂದು ಜರ್ಮನ್ ಸೈನ್ಯ ಡೆನ್ಮಾರ್ಕನ್ನು ಆಕ್ರಮಿಸಿತು. ಮುಂದಿನ ಐದು ವರ್ಷಗಳ ದುರ್ದಿನಗಳು ಶಾಲೆಯ ಮಕ್ಕಳನ್ನೂ ಬಿಡಲಿಲ್ಲ.

ವಿಕ್ಟರ್ ಬೋರ್ಗ ಎಂಬ ಹೆಸರಿನಿಂದ ಅಮೆರಿಕದಲ್ಲಿ ಪ್ರಖ್ಯಾತನಾದ ಯಹೂದಿ ಪಿಯಾನೋ ವಾದಕ, ಒಂಬತ್ತನೆಯ ವಯಸ್ಸಿನಲ್ಲಿ ವಿದ್ಯಾರ್ಥಿವೇತನ ಪಡೆದು 1918ರಲ್ಲಿ ಈ ಶಾಲೆಗೆ ಸೇರಿದವನು. ಗಂಭೀರವಾಗಿ ನುಡಿಸುತ್ತ ನುಡಿಸುತ್ತ ನಡುವೆ ನಗೆಚಾಟಿಕೆ ಹಾರಿಸುವುದು ಅವನ ಜಾಣ್ಮೆ. ಹಿಟ್ಲರನನ್ನೂ ಆತ ಗೇಲಿ ಮಾಡದೆ ಬಿಟ್ಟಿರಲಿಲ್ಲ. ಆಕ್ರಮಣವಾದ ದಿನ ಅದೃಷ್ಟವಶಾತ್ ಸ್ವೀಡನ್ನಿನಲ್ಲಿ ಕಾರ್ಯಕ್ರಮ ಕೊಡುತ್ತಿದ್ದ. ಅಲ್ಲಿಂದ ಫಿನ್ಲೆಂಡಿಗೆ ಹೋಗಿ ಹಡಗು ಹತ್ತಿ ಅಮೆರಿಕವನ್ನು ಸೇರಿದ. ಅಲ್ಲಿ ಒಬ್ಬನೇ ನಡೆಸುತ್ತಿದ್ದ ಅವನ ಹಾಸ್ಯಸಂಗೀತ 1953ರಿಂದ ನ್ಯೂಯಾರ್ಕಿನ ಒಂದೇ ರಂಗಮಂದಿರದಲ್ಲಿ 849 ಪ್ರದರ್ಶನಗಳನ್ನು ಕಂಡಿತು.

ಇದೇ ಶಾಲೆಯಲ್ಲಿ ಕಲಿತ ಹರ್ಮಾನ್ ಕೊಪ್ಪೆಲ್ ಕೂಡ ಯಹೂದಿ. 1943ರಲ್ಲಿ ನಾಜಿಗಳು ಡೆನ್ಮಾರ್ಕಿನ ಯಹೂದಿಗಳನ್ನು ಸೆರೆಹಿಡಿಯಲು ಹೊಂಚುಹಾಕಿದಾಗ, ನೆರೆಹೊರೆಯವರೂ ಬೆಸ್ತರೂ ಸೇರಿ ಏಳು ಸಾವಿರಕ್ಕೂ ಹೆಚ್ಚು ಜನರನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ಸಾಗಿಸಿದರು. ಹಾಗೆ ಪಾರಾದವರಲ್ಲಿ ಕೊಪ್ಪೆಲ್ ಸಂಸಾರವೂ ಒಂದು. ಯುದ್ಧ ಮುಗಿದ ಮೇಲೆ ಹಿಂದಿರುಗಿದ ಆತ 1955ರಲ್ಲಿ ತಾನು ಕಲಿತ ಶಾಲೆಯಲ್ಲಿಯೇ ಪ್ರಾಧ್ಯಾಪಕನಾದ.

ಎಲ್ಸೆ ಮರೀ ಪಾಡೆ ಎಂಬ ತರುಣಿಯದು ಇನ್ನೂ ಮನಕಲಕುವ ಕಥೆ. ಸ್ವಾತಂತ್ರ್ಯ ಹೋರಾಟದ ಗುಪ್ತದಳದಲ್ಲಿದ್ದ ಆಕೆಯನ್ನು 1944ರ ಸೆಪ್ಟೆಂಬರಿನಲ್ಲಿ ಜರ್ಮನ್ ರಹಸ್ಯ ಪೊಲೀಸರು ಬಂಧಿಸಿದರು. ಸೆರೆಯ ಕೋಣೆಯಲ್ಲಿ ಕಾಗದವಿಲ್ಲ, ಲೇಖನಿಯಿಲ್ಲ. ಮನಸ್ಸಿನಲ್ಲಿ ಮೂಡಿದ ಹಾಡಿನ ಸ್ವರಗಳನ್ನು ಆಕೆ ಉಡುಪಿನ ಲೋಹದ ಕೊಂಡಿಯಿಂದ ಗೋಡೆಯ ಮೇಲೆ ಕೆರೆದು ಬರೆದಳು. ಬಿಡುಗಡೆಯಾದ ಮೇಲೆ ಪಿಯಾನೋ ಕಲಿಯಲು ಈ ಶಾಲೆಗೆ ಬಂದಳು. ಸೆರೆವಾಸದಿಂದ ಜರ್ಝರಿತವಾದ ದೇಹ ಅದಕ್ಕೆ ಒಪ್ಪಲಿಲ್ಲ. ಪಿಯಾನೋ ಬಿಟ್ಟು ಸಂಗೀತ ರಚನೆಯತ್ತ ತಿರುಗಿದಳು. ಡೆನ್ಮಾರ್ಕಿನ ರೇಡಿಯೋ ಸಂಸ್ಥೆಯ ತಂತ್ರಜ್ಞರೊಡನೆ ಸೇರಿ, ಬೀದಿಯ ಸದ್ದು, ಯಂತ್ರದ ಸದ್ದು, ವಿದ್ಯುತ್ತಿನಿಂದ ಹುಟ್ಟಿಸಿದ ಶುದ್ಧ ಸ್ವರ, ಇವುಗಳನ್ನು ಟೇಪಿನ ಮೇಲೆ ಹೆಣೆದು 1950ರ ದಶಕದಲ್ಲಿ ದೇಶದ ಮೊದಲ ವಿದ್ಯುನ್ಮಾನ ಸಂಗೀತವನ್ನು ಸೃಷ್ಟಿಸಿದಳು. ದೀರ್ಘಕಾಲ ಹೆಚ್ಚು ಜನಕ್ಕೆ ತಿಳಿಯದೆ ಉಳಿದ ಆಕೆಯ ಸಾಧನೆಗೆ ಮುಪ್ಪಿನಲ್ಲಿ ಮನ್ನಣೆ ಬಂದಿತು. 2016ರಲ್ಲಿ, ತೊಂಬತ್ತೊಂದರ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು.

ರೇಡಿಯೋ ಭವನ ಪಾಠಶಾಲೆಯಾದದ್ದು

ಪಾಡೆಗೆ ನೆರವಾದ ಆ ರೇಡಿಯೋ ಸಂಸ್ಥೆಯ ಭವನವೇ ಇಂದು ಸಂಗೀತ ವಿದ್ಯಾಲಯದ ಮನೆ. ಕೋಪನ್‌ಹೇಗನ್ನಿನ ನಡುವೆಯೇ ಇದ್ದರೂ ತನ್ನದೇ ಪುರಸಭೆಯುಳ್ಳ ಫ್ರೆಡೆರಿಕ್ಸ್‌ಬರ್ಗ್ ಎಂಬ ಭಾಗದಲ್ಲಿ, ರೋಸೆನ್‌ಯೋರ್ನ್ಸ್ ಅಲ್ಲೆ ಎಂಬ ಬೀದಿಯಲ್ಲಿ ಈ ಕಟ್ಟಡವಿದೆ. ವಿಲ್ಹೆಲ್ಮ್ ಲೌರಿಟ್ಸನ್ ಎಂಬ ಶಿಲ್ಪಿಯ ನಕ್ಷೆಯಂತೆ 1930ರ ದಶಕದ ನಡುವೆ ಆರಂಭವಾದ ಕಟ್ಟಡ 1941ರಲ್ಲಿ ಬಳಕೆಗೆ ಬಂದಿತು. ಆದರೆ ಪರಕೀಯರ ಆಳ್ವಿಕೆಯಲ್ಲಿ ಸಂಭ್ರಮವೆಲ್ಲಿಯದು? ವಿಧ್ಯುಕ್ತ ಪ್ರಾರಂಭೋತ್ಸವ ನಡೆದದ್ದು ಬಿಡುಗಡೆಯ ವರ್ಷವಾದ 1945ರಲ್ಲಿ.

ಅಲಂಕಾರಕ್ಕಾಗಿ ಅಲಂಕಾರವೆಂಬುದು ಈ ಕಟ್ಟಡದಲ್ಲಿಲ್ಲ. ತಿಳಿಹಳದಿಯ ಬಿಲ್ಲೆಗಳನ್ನು ಹೊದ್ದ ಸರಳ ಗೋಡೆಗಳು, ಬಾಗಿದ ಚಾವಣಿಯ ದೊಡ್ಡ ಸಭಾಂಗಣ, ಮಾಳಿಗೆಯ ಮೇಲೊಂದು ತೋಟ. ಬಾಗಿಲ ಹಿಡಿಕೆ, ಕುರ್ಚಿ, ದೀಪಗಳವರೆಗೆ ಎಲ್ಲವನ್ನೂ ಲೌರಿಟ್ಸನ್ನನ ಕಾರ್ಯಾಲಯವೇ ರೂಪಿಸಿತು. ಮುಂದೆ ಪೀಠೋಪಕರಣಗಳಿಗೆ ಜಗತ್ತಿನಲ್ಲೆಲ್ಲ ಹೆಸರಾದ ಫಿನ್ ಯೂಲ್ ಆಗ ಆ ಕಾರ್ಯಾಲಯದ ತರುಣ ನೌಕರ. ರೇಡಿಯೋದವರಿಗೆ ಬೇಕಾದದ್ದು ಮುಖ್ಯವಾಗಿ ನಿಶ್ಶಬ್ದ. ಒಂದು ಕೋಣೆಯಲ್ಲಿ ವಾರ್ತೆ, ಇನ್ನೊಂದರಲ್ಲಿ ನಾಟಕ, ಮತ್ತೊಂದರಲ್ಲಿ ವಾದ್ಯವೃಂದ. ಒಂದರ ಸದ್ದು ಮತ್ತೊಂದಕ್ಕೆ ನುಸುಳಬಾರದು. ಈ ಉದ್ದೇಶದಿಂದಲೇ ಇಡೀ ಭವನ ರೂಪುಗೊಂಡಿತು. 1925ರಲ್ಲಿ ಹುಟ್ಟಿದ ರೇಡಿಯೋ ಸಿಂಫನಿ ವಾದ್ಯವೃಂದ ಇಲ್ಲಿನ ಸಭಾಂಗಣದಲ್ಲಿ ನುಡಿಸುತ್ತಿದ್ದ ಗುರುವಾರದ ಕಚೇರಿಗಳನ್ನು ದೇಶದ ಮನೆ ಮನೆಯೂ ಕೇಳುತ್ತಿತ್ತು.

ಹೊಸ ಶತಮಾನದಲ್ಲಿ ರೇಡಿಯೋ ಮತ್ತು ದೂರದರ್ಶನದ ವಿಭಾಗಗಳು ನಗರದ ಹೊರವಲಯದ ಹೊಸ ಸಮುಚ್ಚಯಕ್ಕೆ ತೆರಳಿದವು. ಇಷ್ಟು ಬೆಲೆಬಾಳುವ, ಶಾಸನದ ರಕ್ಷಣೆಯುಳ್ಳ ಕಟ್ಟಡವನ್ನು ಏನು ಮಾಡುವುದು? ಬರಿಯ ಕಚೇರಿಗಳಿಗೆ ಕೊಟ್ಟರೆ ಸಭಾಂಗಣ ಮೂಕವಾಗುತ್ತದೆ. ಬೀಗ ಹಾಕಿಟ್ಟರೆ ಹಾಳಾಗುತ್ತದೆ. ಅತ್ತ ಸಂಗೀತ ವಿದ್ಯಾಲಯಕ್ಕೆ ವಿಶಾಲವಾದ ಸ್ಥಳ ಬೇಕಾಗಿತ್ತು. 2008ರಲ್ಲಿ ವಿದ್ಯಾಲಯ ಇಲ್ಲಿಗೆ ಸ್ಥಳಾಂತರಗೊಂಡಿತು. ವಾರ್ತಾವಾಚಕನಿಗಾಗಿ ಕಟ್ಟಿದ ನಿಶ್ಶಬ್ದ ಪಿಟೀಲಿನ ವಿದ್ಯಾರ್ಥಿಗೂ ಅಷ್ಟೇ ಹಿತವಾಯಿತು. ಒಂದೇ ಕಟ್ಟಡದಲ್ಲಿ ನೂರಾರು ಜನ ಏಕಕಾಲದಲ್ಲಿ ಅಭ್ಯಾಸ ಮಾಡುವ ಸಂಗೀತ ಶಾಲೆಗೆ ಇದಕ್ಕಿಂತ ತಕ್ಕ ಮನೆ ದೊರೆಯುವುದು ಕಷ್ಟ.

ನಾನೂರು ವಿದ್ಯಾರ್ಥಿಗಳ ದಿನಚರಿ

ವಿದ್ಯಾಲಯದಲ್ಲಿ ಸುಮಾರು 400 ವಿದ್ಯಾರ್ಥಿಗಳಿದ್ದಾರೆ. ವಾದ್ಯವೃಂದದ ಎಲ್ಲ ವಾದ್ಯಗಳು, ಪಿಯಾನೋ, ಗಿಟಾರ್, ಚರ್ಚಿನ ಆರ್ಗನ್, ಹಾಡುಗಾರಿಕೆ, ಗೀತನಾಟಕ, ವೃಂದನಿರ್ದೇಶನ, ಸಂಗೀತ ರಚನೆ, ಸಂಗೀತ ಬೋಧನೆ ಎಲ್ಲಕ್ಕೂ ಪ್ರತ್ಯೇಕ ಶಿಕ್ಷಣವಿದೆ. ಕಚೇರಿಯನ್ನು ಧ್ವನಿಮುದ್ರಿಸುವ ತಂತ್ರಜ್ಞರನ್ನು ಸಿದ್ಧಪಡಿಸುವ ವಿಭಾಗವೂ ಇದೆ. ಆ ವಿದ್ಯಾರ್ಥಿಗೆ ಯಂತ್ರಜ್ಞಾನದಷ್ಟೇ ಸಂಗೀತಜ್ಞಾನವೂ ಬೇಕು. ಸಾಲುಗಳ ನಡುವೆ ಒಂದು ಸ್ವರ ತಪ್ಪಿದರೂ ಅದನ್ನು ಹಿಡಿಯುವ ಕಿವಿ ಬೇಕು.

ಮೂರು ವರ್ಷಗಳ ಮೊದಲ ಪದವಿ, ಆಮೇಲೆ ಎರಡು ವರ್ಷಗಳ ಉನ್ನತ ಪದವಿ. ಅದನ್ನೂ ದಾಟಿದ ಆಯ್ದ ಕೆಲವರಿಗೆ ಏಕವ್ಯಕ್ತಿ ಕಲಾವಿದರ ವಿಶೇಷ ತರಗತಿ. ಅದರ ಕೊನೆಗೆ ಸಾರ್ವಜನಿಕರ ಮುಂದೆ ನಡೆಸಿಕೊಡುವ ಮೊದಲ ಕಚೇರಿಯೇ ಪರೀಕ್ಷೆ. ಶಿಕ್ಷಣದ ತಿರುಳೆಂದರೆ ಗುರುವಿನೆದುರು ಒಬ್ಬನೇ ಕುಳಿತು ಕಲಿಯುವ ಪಾಠ. ಇದರ ಜೊತೆಗೆ ಸಂಗೀತ ಶಾಸ್ತ್ರ, ಚರಿತ್ರೆ, ಕಿವಿಯ ಶಿಕ್ಷಣ, ಮೂವರು ನಾಲ್ವರು ಕೂಡಿ ನುಡಿಸುವ ಅಭ್ಯಾಸ, ದೊಡ್ಡ ವೃಂದದ ಅಭ್ಯಾಸ. ಯುರೋಪು ಅಮೆರಿಕಗಳಲ್ಲಿ ಈಗ ಮನೆಮಾತಾಗಿರುವ ‘ಡೇನಿಷ್ ಸ್ಟ್ರಿಂಗ್ ಕ್ವಾರ್ಟೆಟ್’ ಎಂಬ ನಾಲ್ವರ ತಂಡದ ಡೇನಿಷ್ ಸದಸ್ಯರು ಇಂಥ ತರಗತಿಗಳಲ್ಲಿಯೇ ಪಳಗಿದವರು.

ಭವನದ ಮುಖ್ಯ ಸಭಾಂಗಣದಲ್ಲಿ ಸಾವಿರಕ್ಕೂ ಮಿಕ್ಕ ಜನ ಕುಳಿತುಕೊಳ್ಳಬಹುದು. ಹಿಂದೆ ರೇಡಿಯೋದ ಸ್ಟುಡಿಯೋಗಳಾಗಿದ್ದ ಕೋಣೆಗಳು ಚಿಕ್ಕ ಸಭಾಗೃಹಗಳೂ ಅಭ್ಯಾಸದ ಕೊಠಡಿಗಳೂ ಆಗಿವೆ. ಗ್ರಂಥಭಂಡಾರವಿದೆ, ಧ್ವನಿಮುದ್ರಣಾಲಯವಿದೆ. ದೂರದ ಊರಿನ ಶಿಷ್ಯನಿಗೆ ಜಾಲದ ಮೂಲಕ ಪಾಠ ಹೇಳುವ ಪ್ರಯೋಗದಲ್ಲಿಯೂ ಈ ವಿದ್ಯಾಲಯ ಮುಂಚೂಣಿಯಲ್ಲಿದೆ. ಮಾತುಕತೆಯಲ್ಲಿ ಅರೆಕ್ಷಣದ ವಿಳಂಬವನ್ನು ಯಾರೂ ಲೆಕ್ಕಿಸುವುದಿಲ್ಲ. ಸಂಗೀತದಲ್ಲಿ ಅದು ತಾಳವನ್ನೇ ಕೆಡಿಸುತ್ತದೆ. ಆದಕಾರಣ ಸದ್ದನ್ನು ಆದಷ್ಟು ತಡವಿಲ್ಲದೆ ಮುಟ್ಟಿಸುವ ಸಲಕರಣೆಗಳನ್ನು ಇಲ್ಲಿ ಅಳವಡಿಸಿಕೊಂಡಿದ್ದಾರೆ.

ಬೀದಿಯ ವಾದ್ಯಕ್ಕೂ ಪೀಠ

ಪ್ರತಿಷ್ಠಿತ ಸಂಸ್ಥೆಗಳಿಗೆ ಅಂಟುವ ಒಂದು ರೋಗವೆಂದರೆ ಮಡಿವಂತಿಕೆ. ಇದನ್ನು ಇಲ್ಲಿ ಪರೀಕ್ಷೆಗೆ ಒಡ್ಡಿದ್ದು ಅಕಾರ್ಡಿಯನ್. ನಮ್ಮವರಿಗೆ ಪರಿಚಿತವಾದ ಹಾರ್ಮೋನಿಯಮ್ಮಿನ ಬಂಧುವಾದ ಈ ವಾದ್ಯ ಯುರೋಪಿನಲ್ಲಿ ಬೀದಿಗೂ ಕುಣಿತದ ಮನೆಗಳಿಗೂ ಸೇರಿದ್ದೆಂದು ವಿದ್ವಾಂಸರು ಮೂಗು ಮುರಿಯುತ್ತಿದ್ದರು. 1935ರಲ್ಲಿ ಹುಟ್ಟಿದ ಮೋಗೆನ್ಸ್ ಎಲ್ಲೆಗೋರ್ಡ್ ಈ ವಾದ್ಯದ ಮಾನವನ್ನು ಎತ್ತಿಹಿಡಿಯಲು ಪಣತೊಟ್ಟ. ರಚನಕಾರರ ಬೆನ್ನು ಹತ್ತಿ ಅದಕ್ಕಾಗಿ ಗಂಭೀರ ಕೃತಿಗಳನ್ನು ಬರೆಯಿಸಿದ. 1970ರಲ್ಲಿ ವಿದ್ಯಾಲಯ ಅಕಾರ್ಡಿಯನ್ ಶಿಕ್ಷಣವನ್ನು ಆರಂಭಿಸಿ ಅವನನ್ನೇ ಅಧ್ಯಾಪಕನಾಗಿ ಕರೆಯಿತು. 1989ರಲ್ಲಿ ಆತ ಪ್ರಾಧ್ಯಾಪಕನಾದ. ಅವನ ಶಿಷ್ಯರು ಇಂದು ಬೇರೆ ಬೇರೆ ದೇಶಗಳಲ್ಲಿ ಗುರುಗಳಾಗಿದ್ದಾರೆ.

ಎಲ್ಲ ಹೊಸತನ್ನೂ ಶಾಲೆ ಇಷ್ಟೇ ಹಿರಿಯ ಮನಸ್ಸಿನಿಂದ ಬರಮಾಡಿಕೊಂಡಿತೆಂದು ಹೇಳುವಂತಿಲ್ಲ. ಇಲ್ಲಿಯೇ ಕಲಿತು ಇಲ್ಲಿಯೇ ಕಲಿಸುತ್ತಿದ್ದ ಪೇರ್ ನೋರ್‌ಗೋರ್ಡ್, ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಅತಿ ದೊಡ್ಡ ಡೇನಿಷ್ ರಚನಕಾರನೆನಿಸಿದವನು, 1960ರ ದಶಕದಲ್ಲಿ ಭಿನ್ನಾಭಿಪ್ರಾಯಗಳಿಂದಾಗಿ ಕೋಪನ್‌ಹೇಗನ್ ಬಿಟ್ಟು ಓರ್‌ಹುಸ್ ನಗರದ ಸಂಗೀತ ಶಾಲೆಗೆ ಹೊರಟುಹೋದ. ಹೊಸ ರಚನೆಯಲ್ಲಿ ಆಸಕ್ತಿಯಿದ್ದ ತರುಣರಿಗೆ ಆ ನಗರ ಹೊಸ ಕೇಂದ್ರವಾಯಿತು. ಕೋಪನ್‌ಹೇಗನ್ನಿನ ನಷ್ಟ ಓರ್‌ಹುಸ್ಸಿನ ಲಾಭ; ದೇಶದ ಲೆಕ್ಕದಲ್ಲಿ ಮಾತ್ರ ನಷ್ಟವಾಗಲಿಲ್ಲ. ನೋರ್‌ಗೋರ್ಡ್ 2025ರ ಮೇ ತಿಂಗಳಲ್ಲಿ, ತೊಂಬತ್ತೆರಡರ ವಯಸ್ಸಿನಲ್ಲಿ ಕಾಲವಾದ.

ಶುಲ್ಕವಿಲ್ಲದ ಬಾಗಿಲು

ಡೆನ್ಮಾರ್ಕಿನ ಮತ್ತು ಐರೋಪ್ಯ ಒಕ್ಕೂಟದ ವಿದ್ಯಾರ್ಥಿಗಳಿಂದ ವಿದ್ಯಾಲಯ ಬೋಧನಾ ಶುಲ್ಕವನ್ನು ತೆಗೆದುಕೊಳ್ಳುವುದಿಲ್ಲ. 1884ರಲ್ಲಿ ಕಾರ್ಲ್ ನೀಲ್ಸನ್ನನಿಗೆ ಅನುಗ್ರಹವಾಗಿ ದೊರೆತದ್ದು ಈಗ ಹಕ್ಕಾಗಿ ದೊರೆಯುತ್ತದೆ. ಹಾಗೆಂದು ಪ್ರವೇಶವೇನೂ ಸುಲಭವಲ್ಲ. ತೀರ್ಪುಗಾರರ ಎದುರು ನಿಂತು ನುಡಿಸಿ ಗೆಲ್ಲಬೇಕು. ಅಲ್ಲಿ ಕೇಳುವುದು ತಂದೆಯ ವರಮಾನವನ್ನಲ್ಲ, ಮಗನ ಅಥವಾ ಮಗಳ ಕೈಚಳಕವನ್ನು.

ಇದೇ ಭವನದ ಇನ್ನೊಂದು ಪಾರ್ಶ್ವದಲ್ಲಿ ಡೆನ್ಮಾರ್ಕಿನ ಸಂಗೀತ ವಸ್ತುಸಂಗ್ರಹಾಲಯವಿದೆ. 1898ರಲ್ಲಿ ಸ್ಥಾಪನೆಯಾದ ಆ ಸಂಗ್ರಹ 2014ರಲ್ಲಿ ಇಲ್ಲಿ ಮತ್ತೆ ಬಾಗಿಲು ತೆರೆಯಿತು. ಒಂದು ಕಡೆ ಗಾಜಿನ ಹಿಂದೆ ಮೌನವಾಗಿರುವ ಹಳೆಯ ವಾದ್ಯಗಳು, ಇನ್ನೊಂದು ಕಡೆ ತರುಣರ ಕೈಯಲ್ಲಿ ಹಗಲೆಲ್ಲ ನುಡಿಯುವ ಹೊಸ ವಾದ್ಯಗಳು. ಸಂಜೆಯಾದೊಡನೆ ಸಭಾಂಗಣದ ದೀಪಗಳು ಹೊತ್ತುತ್ತವೆ; ವಿದ್ಯಾರ್ಥಿಗಳ ಕಚೇರಿಗಳಲ್ಲಿ ಅನೇಕಕ್ಕೆ ನಾಗರಿಕರು ಹಣ ಕೊಡದೆ ಬಂದು ಕೂಡಬಹುದು. ಮೋಲ್ಡನ್‌ಹೌವರನ ಅಂಗಡಿಯ ಒಡವೆಗಳು ಯಾರ ಯಾರ ಕೊರಳನ್ನು ಸೇರಿದವೋ ಬಲ್ಲವರಿಲ್ಲ. ಆತ ಉಯಿಲಿನಲ್ಲಿ ಬರೆದಿಟ್ಟ ಒಂದೇ ಒಂದು ಒಡವೆ ನೂರೈವತ್ತು ವರ್ಷಗಳು ಕಳೆದ ಮೇಲೂ ಊರಿನವರೆಲ್ಲರ ಬಳಕೆಯಲ್ಲಿದೆ.